ತುಳಸಿಕಟ್ಟೆಗೆ ಬಂದ ಗಂಡಸರು

ಮೂಡಿಗೆರೆ ಸೀಮೆಯಲ್ಲಿ ಭೂತಗನ್ನಡಿ ಕೈಗೆ ಸಿಕ್ಕ ಗಂಡಸು ಕೆಟ್ಟ ಹಾಗೆಯೇ. ತೇಜಸ್ವಿ ಇಲ್ಲೇ ಕಾಫಿ ತೋಟ ಮಾಡಿಕೊಂಡು ಹಕ್ಕಿ, ಹುಳುಗಳ ಮೇಲೆ ಅಷ್ಟೆಲ್ಲ ಬರೆದುಬಿಟ್ಟದ್ದರಿಂದ, ಕಸಿ ಕೆಲಸ ತಪ್ಪಿಸಿಕೊಳ್ಳಲು ನಮ್ಮಂಥವರಿಗೆ ಘನವಾದ ನೆಪ ಸಿಕ್ಕಿದೆ. ಅವರು ಕೆಲಸದ ನಡುವೆ ನೋಡುತ್ತಿದ್ದರು. ನಮಗೆ ನೋಡುವುದೇ ಕೆಲಸ.

ನನ್ನ ಪಾಲಿಗೆ ಬಂದದ್ದು ಹಣ್ಣಿನ ನೊಣ. ಕಣಜದ ವೇಷ ತೊಟ್ಟು ಹಿತ್ತಲಿನ ಹಾಗಲಬಳ್ಳಿಯ ಮೇಲೆ ಕೂತಿತ್ತು.

‘ಓಡಿಸ್ರೀ ಅದನ್ನ’ ಎಂದಳು ಹೆಂಡತಿ.

ಯಾರೆಂದು ತಿಳಿಯದೆ ಓಡಿಸುವುದು ಹೇಗೆ? ಬೆನ್ನಿನ ಮೇಲೆ ಎರಡೇ ಹಳದಿ ಪಟ್ಟೆಯಿದ್ದರೆ ಮಾವು, ಸೀಬೆ ಕೆಡಿಸುವ ಜಾತಿ. ನಡುವೆ ಮೂರನೆಯದೂ ಇದ್ದು, ರೆಕ್ಕೆಯ ತುದಿಯಲ್ಲಿ ಕಂದು ಮಚ್ಚೆಯಿದ್ದರೆ ಹಾಗಲ, ಹೀರೆ, ಸೌತೆಯದು. ನಾನು ಪಟ್ಟೆ ಎಣಿಸುವಷ್ಟರಲ್ಲಿ ಅದು ಹಿಂಬದಿಯ ಸೂಜಿಯನ್ನು ಎಳೆಗಾಯಿಗೆ ಚುಚ್ಚಿ, ಸಾವಕಾಶವಾಗಿ ಮೊಟ್ಟೆಯಿಟ್ಟಿತು.

‘ಮೂರು! ಮೂರು ಪಟ್ಟೆ!’

‘ಹಾಗಲದ ಬಳ್ಳಿಗೆ ಹಾಗಲದ ನೊಣ ಬರದೆ ಇನ್ನೇನು ಬರುತ್ತೆ?’ ಒಳಗಿನಿಂದ ಉತ್ತರ.

ಆದರೆ ನನ್ನ ಆಸೆ ದೊಡ್ಡದು. ಆಫ್ರಿಕಾ, ಹವಾಯಿಗಳಲ್ಲಿ ಕಾಫಿ ಹಣ್ಣಿನೊಳಗೇ ಹುಳು ಬೆಳೆಸುವ ಮೆಡಿಟರೇನಿಯನ್ ಹಣ್ಣಿನ ನೊಣ ನಮ್ಮ ದೇಶದಲ್ಲಿ ನೆಲೆಯೂರಿಲ್ಲ. ಊರಿದರೆ, ಮೊದಲು ಕಂಡವನು ನಾನಾಗಬಾರದೇಕೆ? ಬೆಳಗ್ಗೆ ಎದ್ದವನೇ, ಬೇಗ ಹಣ್ಣು ಬಿಟ್ಟ ಅರೇಬಿಕಾ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತೆ. ತನ್ನ ತೋಟಕ್ಕೇ ಪೀಡೆ ಬರಲಿ ಎಂದು ಹರಕೆ ಹೊರುವ ಬೆಳೆಗಾರ ಕಳಸದಿಂದ ಚಿಕ್ಕಮಗಳೂರಿನವರೆಗೆ ಹುಡುಕಿದರೂ ಇನ್ನೊಬ್ಬ ಸಿಗಲಾರ. ನೊಣ ನನಗೆ ಸಿಗಲಿಲ್ಲ. ನಾನು ಇಂಬಳಗಳಿಗೆ ಸಿಕ್ಕೆ.

ಕಾಲು ರಕ್ತವಾಗಿ ಅಂಗಳಕ್ಕೆ ಬಂದರೆ, ತುಳಸಿಗೆ ನೀರೆರೆಯುತ್ತಿದ್ದ ಅಮ್ಮ ಬೆರಗಾಗಿ ನಿಂತಿದ್ದಳು. ‘ನೊಣಕ್ಕೂ ಎಷ್ಟು ಭಕ್ತಿ ನೋಡೋ!’

ಎಲೆ ಎಲೆಯ ಮೇಲೂ ಎರಡು ಪಟ್ಟೆಯವು! ಸ್ನಾನವಾಗದ ಕಾರಣ ತುಳಸಿಯಿಂದ ಮಾರು ದೂರ ನಿಂತೇ ಭಾಷಣ ಶುರುಮಾಡಿದೆ. ಭಕ್ತಿಯಲ್ಲಮ್ಮ, ತುಳಸಿಯಲ್ಲಿ ಮೀಥೈಲ್ ಯೂಜಿನಾಲ್ ಇದೆ. ಅದಕ್ಕೆ ಗಂಡು ನೊಣಗಳು ಮುತ್ತುತ್ತವೆಂದು ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಎಂಬ ಕೀಟತಜ್ಞ 1915ರಲ್ಲೇ ಬರೆದಿದ್ದಾನೆ. ಮಾವಿನ ತೋಪಿನಲ್ಲಿ ತೂಗುಹಾಕುವ ಮೋಹಕ ಬಲೆಗೆ ಹಾಕುವುದೂ ಅದನ್ನೇ. ಗಂಡುಗಳು ಅದನ್ನು ನೆಕ್ಕಿ, ಮೈಯೊಳಗೆ ಪರಿಮಳ ಮಾಡಿಕೊಂಡು, ಮುಸ್ಸಂಜೆಗೆ ಹೆಣ್ಣುಗಳನ್ನು ಒಲಿಸಲು ಹೊರಡುತ್ತವೆ.

ಹೆಂಡತಿ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ನನ್ನ ಭಾಷಣವೊಂದಕ್ಕೆ ಆ ಭಾಗ್ಯ ಅಪರೂಪ.

‘ನೊಣಕ್ಕೂ ಹೆಂಡತಿ ಮುಂದೆ ಹೋಗೋವಾಗ ಸೆಂಟ್ ಹಾಕ್ಕೋಬೇಕು ಅಂತ ಗೊತ್ತು. ಬಚ್ಚಲ ಹಂಡೇಲಿ ನೀರು ಕಾದಿದೆ, ಹೋಗಿ.’

‘ಸ್ನಾನ ಆದ್ಮೇಲೆ ಕಿವಿಗಿಟ್ಕೋ’ ಎಂದು ಅಮ್ಮ ಒಂದು ಕುಡಿ ತುಳಸಿ ಕಿತ್ತಳು.