ಫ್ರೇಮಣ್ಣ

ಫ್ರೇಮಣ್ಣನ ಬಾಯಿಂದ 'ಚೆನ್ನಾಗಿದೆ' ಎಂಬ ಮಾತು ಕೇಳಿದವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ತೀರಾ ಮನಸ್ಸು ಕರಗಿದರೆ 'ಪರವಾಗಿಲ್ಲ' ಎನ್ನುತ್ತಾನೆ. ಅದರ ಬೆನ್ನಿಗೇ ಒಂದು 'ಆದ್ರೆ' ಬರುತ್ತದೆ. ಆ 'ಆದ್ರೆ'ಗೆ ಸಿಕ್ಕಿ ಮುರಿದುಬಿದ್ದ ವ್ಯಾಪಾರಗಳನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಸೈಕಲ್ ಅಂಗಡಿಯನ್ನೇ ಇಡಬಹುದು.

ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದು ಅವನಿಗೆ ಇದ್ದೇ ಇದೆ. ಆದರೆ ಬೆಂಗಳೂರಿನಲ್ಲಿ ಮೌಂಟನ್ ಬೈಕ್ ಹುಚ್ಚು ಹತ್ತಿಸಿಕೊಂಡ ನಮ್ಮಂಥವರಿಗೆಲ್ಲ ಅವನು ಫ್ರೇಮಣ್ಣನೇ. ಎದುರಿಗೆ ಬಹುವಚನ, ಮನೆಗೆ ಬಂದು ಹೆಂಡತಿಯ ಮುಂದೆ ಗೊಣಗುವಾಗ ಏಕವಚನ. ಈ ಬರಹ ಎರಡನೆಯ ಬಗೆಯದು.

ಅವನನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಭಾನುವಾರ ಬೆಳಿಗ್ಗೆ ತುರಹಳ್ಳಿ ಕಾಡಿನ ಅಂಚಿನಲ್ಲೋ ಯಲಹಂಕದಾಚೆ ಅವಲಹಳ್ಳಿಯ ದಾರಿಯಲ್ಲೋ ಸಿಕ್ಕಾಗ ಉಳಿದವರು ನಿಮ್ಮ ಮುಖ ನೋಡಿ ಮಾತಾಡಿಸುತ್ತಾರೆ, ಇವನು ಸೈಕಲ್ ನೋಡಿ ಮಾತಾಡಿಸುತ್ತಾನೆ. "ಏನ್ ಸಾರ್, ಆರಾಮಾ?" ಎನ್ನುವಾಗ ಅವನ ಕಣ್ಣು ಶಾಕಿನ ಮೇಲಿರುತ್ತದೆ. ನೀವು "ಆರಾಮ್" ಎಂದರೆ, "ಇಲ್ಲ ಸಾರ್, ಎಣ್ಣೆ ಸೋರ್ತಿದೆ" ಎನ್ನುತ್ತಾನೆ. ಬೆನ್ನಿಗೆ ಸದಾ ಒಂದು ಚೀಲ. ಅದರಲ್ಲಿ ಅಲೆನ್ ಕೀಗಳ ಗೊಂಚಲು, ಬೆರಳುದ್ದದ ಟಾರ್ಚು, ವರ್ನಿಯರ್ ಕ್ಯಾಲಿಪರ್, ಶಾಕಿಗೆ ಗಾಳಿ ತುಂಬುವ ಪುಟ್ಟ ಪಂಪು, ಅಂಗೈಯಗಲದ ಹತ್ತಿಯ ಉಂಡೆ. ಹತ್ತಿ ಯಾಕೆಂದು ಮುಂದೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಮಾಮೂಲಿ ಸೈಕಲ್ಲಿನ ಫ್ರೇಮ್ ಒಂದೇ ಅಖಂಡ ವಸ್ತು. ನೇರವಾಗಿದೆಯೋ ಇಲ್ಲವೋ, ಬಿರುಕಿದೆಯೋ ಇಲ್ಲವೋ, ಅಷ್ಟು ನೋಡಿದರೆ ಮುಗಿಯಿತು. ಬಂಡೆ ಬೇರುಗಳ ಕಾಡುದಾರಿಗೆಂದು ಮಾಡಿದ ಫುಲ್ ಸಸ್ಪೆನ್ಷನ್ ಫ್ರೇಮು ಹಾಗಲ್ಲ. ಅದರ ಹಿಂಭಾಗ ಕೀಲುಗಳ ಆಧಾರದಲ್ಲಿ ಮೇಲೆ ಕೆಳಗೆ ಆಡುತ್ತದೆ, ಕೀಲು ಕೀಲಿಗೂ ಬೇರಿಂಗು, ಇವೆಲ್ಲದರ ಹೊಡೆತ ತಿನ್ನಲು ನಡುವೆ ಒಂದು ಶಾಕು. ಹೊಸ ಸೈಕಲ್ ಎಂದರೆ ಲಕ್ಷಗಳಲ್ಲೇ ಮಾತು. ಹಾಗಾಗಿ ನನ್ನಂಥ ಸಂಬಳದ ಮನುಷ್ಯನಿಗೆ ಒಂದು ಜಾಣ ಯೋಚನೆ ಹೊಳೆಯುತ್ತದೆ: ಹಳೇ ಫ್ರೇಮ್ ಮಾತ್ರ ಕೊಂಡು, ಇರುವ ಚಕ್ರ, ಬ್ರೇಕು, ಗೇರುಗಳನ್ನೇ ಅದಕ್ಕೆ ಜೋಡಿಸಿಕೊಂಡರೆ ಹೇಗೆ?

ಈ ಯೋಚನೆಯನ್ನು ಯಾರ ಹತ್ತಿರವಾದರೂ ಹೇಳಿ, ಅವರು "ಹೋಗೋವಾಗ ಫ್ರೇಮಣ್ಣನ್ನ ಕರ್ಕೊಂಡ್ ಹೋಗಿ" ಎನ್ನುತ್ತಾರೆ.

ಕರೆದುಕೊಂಡು ಹೋಗುವ ಮೊದಲು ದರ್ಶಿನಿಯಲ್ಲಿ ಖಾರಾಬಾತ್ ತಿನ್ನಿಸಬೇಕು, ಪಾಠ ಕೇಳಬೇಕು. ನಾಲ್ಕು ಚಮಚಗಳನ್ನು ಮೇಜಿನ ಮೇಲೆ ತುದಿಗೆ ತುದಿ ಸೇರಿಸಿಟ್ಟು ಹಿಂದಿನ ಸಸ್ಪೆನ್ಷನ್ ಮಾಡಿ ತೋರಿಸುತ್ತಾನೆ. "ಕೀಲು ಚಕ್ರದ ಆಕ್ಸಲ್‌ಗಿಂತ ಮುಂದೆ, ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗೋ ಚೈನ್‌ಸ್ಟೇ ಮೇಲಿದ್ರೆ ಅದು ಹಾರ್ಸ್ಟ್ ಲಿಂಕು. ಆಕ್ಸಲ್ ಮೇಲ್ಗಡೆ, ಸೀಟ್‌ಸ್ಟೇನಲ್ಲಿದ್ರೆ ಅಲ್ಲ. ನೋಡೋಕೆ ಎರಡೂ ಒಂದೇ ಸಾರ್, ಬ್ರೇಕ್ ಹಿಡಿದಾಗ ಬೇರೆ." ಹಾರ್ಸ್ಟ್ ಲೈಟ್ನರ್ ಎಂಬಾತ ಕಂಡುಹಿಡಿದ ಈ ಕೀಲಿನ ಹಕ್ಕು ಅಮೆರಿಕದಲ್ಲಿ ಸ್ಪೆಷಲೈಸ್ಡ್ ಕಂಪನಿಯ ಕೈಯಲ್ಲಿತ್ತು, 2013ರಲ್ಲಿ ಪೇಟೆಂಟ್ ಮುಗಿದ ಮೇಲೆ ಅಲ್ಲಿ ಅದು ಎಲ್ಲರದೂ ಆಯಿತು ಎಂಬುದನ್ನು ಹೇಳುವಷ್ಟರಲ್ಲಿ ಕಾಫಿ ಆರಿರುತ್ತದೆ. ಚಮಚ ಎತ್ತಿಕೊಂಡು ಹೋಗಲು ಬಂದ ಹುಡುಗನಿಗೂ ಒಂದಷ್ಟು ಜ್ಞಾನ ಸಿಕ್ಕಿರುತ್ತದೆ.

ಆಮೇಲೆ ಅಳತೆಗಳ ಅಷ್ಟೋತ್ತರ. ಹಿಂದಿನ ಚಕ್ರದ ಹಬ್ಬಿನ ಅಗಲ ಮೊದಲು 135 ಮಿಲಿಮೀಟರ್ ಇತ್ತು, ಅದು 142 ಆಯಿತು, 2015ರ ಸುಮಾರಿಗೆ 148 ಬಂತು, ಸಾಲದೆಂದು 157ನ್ನೂ ತಂದರು. ಚಕ್ರ 26 ಇಂಚಿತ್ತು, 27.5 ಬಂತು, ಕೊನೆಗೆ 29 ಗೆದ್ದಿತು. ಶಾಕಿನ ಅಳತೆ ಇಂಚಿನ ಲೆಕ್ಕದಲ್ಲಿದ್ದದ್ದು 2016ರಿಂದ ಮೆಟ್ರಿಕ್‌ಗೆ ತಿರುಗಿತು. ಹಾಗಾಗಿ ಹಳೇ ಫ್ರೇಮಿನ ಶಾಕ್ ಕೆಟ್ಟರೆ ಹೊಸದು ಅಂಗಡಿಯಲ್ಲಿದ್ದರೂ ಕೂರುವುದಿಲ್ಲ. "142ರಿಂದ 148ಕ್ಕೆ ಎಷ್ಟು ಸಾರ್? ಆರು ಮಿಲಿಮೀಟರ್. ಆರು ಮಿಲಿಮೀಟರ್‌ಗೋಸ್ಕರ ಒಳ್ಳೇ ಚಕ್ರಾನ ಗುಜರಿಗೆ ಹಾಕು ಅಂತಾರೆ." ಇಲ್ಲಿ ಅವನ ದನಿ ಸ್ವಲ್ಪ ನಡುಗುತ್ತದೆ. ಆ ಆರು ಮಿಲಿಮೀಟರಿನಲ್ಲಿ ಏನೋ ಸ್ವಂತ ನೋವಿದೆ ಎಂದು ನನಗೆ ಆಗಲೇ ಅನ್ನಿಸಬೇಕಿತ್ತು. ನಾನು ಬಿಲ್ ಯಾರು ಕೊಡುತ್ತಾರೆಂಬ ಚಿಂತೆಯಲ್ಲಿದ್ದೆ.

ಸರ್ಜಾಪುರ ರಸ್ತೆಯ ಪ್ರಕರಣವನ್ನು ಹೇಳದಿದ್ದರೆ ನನ್ನ ಹೊಟ್ಟೆಯ ಉರಿ ಆರುವುದಿಲ್ಲ.

ಧಾರವಾಡದ ಕಡೆಯ ಹುಡುಗ, ಸಾಫ್ಟ್‌ವೇರ್ ಕೆಲಸ. ಅಲ್ಯುಮಿನಿಯಂ ಫ್ರೇಮು, 27.5 ಇಂಚಿನ ಚಕ್ರ, ಬೆಲೆಯೂ ನನ್ನ ಕೈಗೆಟುಕುವಂಥದ್ದು. ಫ್ರೇಮ್ ಮಾತ್ರ ಮಾರಾಟಕ್ಕೆ, ಉಳಿದದ್ದನ್ನು ಇನ್ನೂ ಬಿಚ್ಚಿರಲಿಲ್ಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ನಿಲ್ಲಿಸಿದ್ದ. ನೋಡಿದ ಕೂಡಲೇ ನನ್ನ ಮನಸ್ಸು ಒಪ್ಪಿಬಿಟ್ಟಿತು. ಹಸಿರು ಬಣ್ಣ. ಬಣ್ಣ ನೋಡಿ ಒಪ್ಪುವವರನ್ನು ಕಂಡರೆ ಫ್ರೇಮಣ್ಣನಿಗೆ ಎಷ್ಟು ತಾತ್ಸಾರವೆಂದು ಗೊತ್ತಿದ್ದರಿಂದ ಮುಖ ಗಂಟುಹಾಕಿಕೊಂಡು ನಿಂತೆ.

"ಭಾಳ ಓಡ್ಸಿಲ್ರೀ. ಬರೇ ಆಫೀಸಿಗೆ ಹೋಗಾಕ ಅಷ್ಟ" ಎಂದ ಹುಡುಗ.

ಫ್ರೇಮಣ್ಣ ಮಾತಾಡದೆ ಸೈಕಲ್ಲನ್ನು ತಲೆಕೆಳಗು ಮಾಡಿದ. ಪೆಡಲ್ ಕೂರುವ ಕೊಳವೆಯ ಅಡಿಯಲ್ಲಿ ಕಲ್ಲು ಹೊಡೆದ ಮೂರು ಗಾಯ. ಟಾರ್ಚು ಬಿಟ್ಟು ಹುಡುಗನನ್ನೇ ನೋಡಿ ಕೇಳಿದ: "ನಿಮ್ಮ ಆಫೀಸ್ ದಾರೀಲಿ ಬಂಡೆ ಇದ್ಯಾ?"

ಅಲ್ಲಿಗೆ ಹುಡುಗ ಶರಣಾದ. ಮುಂದಿನದ್ದೆಲ್ಲ ಫ್ರೇಮಣ್ಣನ ರಾಜ್ಯಭಾರ. ಸೀಟ್ ಪೋಸ್ಟ್ ಎತ್ತಿ ನೋಡೋಣ ಎಂದ. ಕದಲಲಿಲ್ಲ. ವರ್ಷಗಟ್ಟಲೆ ಗ್ರೀಸ್ ಕಾಣದೆ ಒಳಗೇ ಹಿಡಿದುಕೊಂಡಿದೆ, ಜೋರು ಮಾಡಿದರೆ ಫ್ರೇಮೇ ಹಾಳು ಎನ್ನುತ್ತ ಎಣ್ಣೆ ಬಿಟ್ಟು ನೆನೆಯಲು ಇಟ್ಟ. ಅದು ನೆನೆಯುವಷ್ಟರಲ್ಲಿ ಶಾಕಿನ ಗಾಳಿ ಬಿಟ್ಟು, ಎರಡೂ ಬೋಲ್ಟ್ ಬಿಚ್ಚಿ ಶಾಕನ್ನೇ ಹೊರತೆಗೆದ. ಈಗ ಫ್ರೇಮಿನ ಹಿಂಭಾಗ ಆಧಾರವಿಲ್ಲದೆ ಜೋತುಬಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ಮೇಲೆತ್ತಿ ಇಳಿಸಿದ. ಕರ್ ಎಂದಿತು. ನನ್ನನ್ನೂ ಮುಟ್ಟಿ ನೋಡಲು ಹೇಳಿದ. ಬೇರಿಂಗಿನೊಳಗೆ ಮರಳು ಹೊರಳುವುದು ಬೆರಳ ತುದಿಗೇ ತಿಳಿಯುತ್ತಿತ್ತು. ಶಾಕ್ ಕಳಚದೆ ಇದು ಗೊತ್ತಾಗುವುದಿಲ್ಲವಂತೆ. ಅದಿದ್ದಾಗ ಅದರ ಬಿಗುವಿನಲ್ಲಿ ಎಲ್ಲ ಮುಚ್ಚಿಹೋಗಿರುತ್ತದೆ.

"ಬೇರಿಂಗ್ ಹೋಗಿದ್ಯಾ?" ಎಂದೆ, ಬೆಲೆ ಇಳಿಸಬಹುದೆಂಬ ಆಸೆಯಿಂದ.

"6902. ಎಸ್.ಜೆ.ಪಿ. ರಸ್ತೇಲಿ ಸಿಗುತ್ತೆ. ಆದ್ರೆ ಇದು ಹೋಗಿಲ್ಲ ಸಾರ್, ಗಲೀಜಾಗಿದೆ ಅಷ್ಟೇ" ಎಂದವನೇ ನೆಲದ ಮೇಲೆ ಕಾಗದ ಹಾಸಿ ಕೂತುಬಿಟ್ಟ. ಬ್ಲೇಡಿನ ತುದಿಯಿಂದ ಒಂದೊಂದೇ ಬೇರಿಂಗಿನ ರಬ್ಬರ್ ಮುಚ್ಚಳ ಎಬ್ಬಿಸಿ, ಕಪ್ಪಾಗಿದ್ದ ಹಳೇ ಗ್ರೀಸ್ ತೆಗೆದು, ಹೊಸದನ್ನು ತುಂಬಿದ. ಹುಡುಗನ ತಾಯಿ ಮೇಲಿನಿಂದ ಚಹಾ ಕಳಿಸಿದರು. ಸೀಟ್ ಪೋಸ್ಟ್ ಕೊನೆಗೂ ಕಿರುಚುತ್ತ ಹೊರಬಂತು. ಅದನ್ನೂ ಒರೆಸಿ ಗ್ರೀಸ್ ಹಚ್ಚಿ ಕೂರಿಸಿದ.

ಆಮೇಲೆ ಶಾಕನ್ನು ಮತ್ತೆ ಜೋಡಿಸಿ, ನಾನು ಫೋನಿನಲ್ಲಿ ಹೇಳಿದ್ದ ತೂಕಕ್ಕೆ ಗಾಳಿ ತುಂಬಿ ನನ್ನನ್ನು ಹತ್ತಿಸಿದ. ಶಾಕಿನ ಮೇಲೊಂದು ರಬ್ಬರ್ ಉಂಗುರ ಇರುತ್ತದೆ. ಸವಾರ ಕೂತಾಗ ಶಾಕ್ ಎಷ್ಟು ಕುಗ್ಗಿತೆಂದು ಅದು ಜಾರಿ ತೋರಿಸುತ್ತದೆ. 57 ಮಿಲಿಮೀಟರ್ ಓಡುವ ಶಾಕಾದರೆ ಶೇಕಡಾ 30ರ ಲೆಕ್ಕದಲ್ಲಿ 17 ಕುಗ್ಗಬೇಕು. ನಾನು ಕೂತೆ. ಉಂಗುರ ತುದಿಯವರೆಗೂ ಜಾರಿತು. ಫ್ರೇಮಣ್ಣ ಸೆಕ್ಯುರಿಟಿಯವನಿಗೂ ಕೇಳುವಷ್ಟು ಜೋರಾಗಿ, "ಸಾರ್, ಫೋನಲ್ಲಿ ಹೇಳಿದ ತೂಕ ಯಾವ ವರ್ಷದ್ದು?" ಎಂದ. ಸೆಕ್ಯುರಿಟಿಯವನು ಸಭ್ಯ, ಬೇರೆ ಕಡೆ ತಿರುಗಿಕೊಂಡು ನಕ್ಕ.

ಹುಡುಗ ತೆಳ್ಳಗಿದ್ದ. ಹೋಲಿಸಿ ನೋಡಲೆಂದು ಅವನ ತೂಕಕ್ಕೆ ಗಾಳಿ ಹೊಂದಿಸಿ ಫ್ರೇಮಣ್ಣ ಅವನನ್ನೂ ಹತ್ತಿಸಿದ. ಹುಡುಗ ಪಾರ್ಕಿಂಗಿನಲ್ಲಿ ಒಂದು ಸುತ್ತು ಹೊಡೆದ. ಇನ್ನೊಂದು ಸುತ್ತು ಹೊಡೆದ. ರಸ್ತೆ ಉಬ್ಬಿನ ಮೇಲೆ ಬೇಕೆಂದೇ ಹತ್ತಿಸಿ ಇಳಿಸಿದ. ಸದ್ದೇ ಇಲ್ಲ. ವಾಪಸು ಬಂದು ನಿಂತಾಗ ಅವನ ಮುಖದಲ್ಲಿ ಏನೋ ಬದಲಾಗಿತ್ತು.

"ಇದನ್ನ ಮಾರಂಗಿಲ್ರೀ" ಎಂದ.

ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಫ್ರೇಮಣ್ಣನೇ ಸಮಾಧಾನ ಹೇಳಿದ: "ಪರವಾಗಿಲ್ಲ ಫ್ರೇಮು. ಆದ್ರೆ ನಿಮಗೆ ಒಂದು ಸೈಜ್ ಚಿಕ್ಕದಾಗ್ತಿತ್ತು ಸಾರ್." ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ಬಿಚ್ಚಿ ನೋಡದೆ ಹೇಗೆ ಹೇಳೋದು?" ಎಂದ. ಸೈಜನ್ನು ನೋಡಲು ಏನನ್ನೂ ಬಿಚ್ಚಬೇಕಿಲ್ಲ, ಅದು ಸೀಟಿನ ಕೊಳವೆಯ ಮೇಲೆ ಒಂದಕ್ಷರದಲ್ಲಿ ಬರೆದಿರುತ್ತದೆ.

ಅವನ ಉಳಿದ ಗುಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾರ್ಬನ್ ಫ್ರೇಮನ್ನು ತೆಂಗಿನಕಾಯಿ ಆರಿಸುವವರ ಹಾಗೆ ಒಂದು ರೂಪಾಯಿ ನಾಣ್ಯದಿಂದ ತಟ್ಟುತ್ತ ಹೋಗುತ್ತಾನೆ. ಸದ್ದು ಗಟ್ಟಿಯಾಗಿದ್ದದ್ದು ಎಲ್ಲಾದರೂ ಮಂಕಾದರೆ ಒಳಪದರ ಬಿಟ್ಟಿದೆ ಎಂದು ಅನುಮಾನ. 2010ರ ಆಸುಪಾಸಿನ ಟ್ರೇಲ್ ಫ್ರೇಮಿನ ಮುಂದಿನ ಕೊಳವೆ 68-69 ಡಿಗ್ರಿಯಲ್ಲಿ ನಿಂತಿರುತ್ತಿತ್ತು, ಹತ್ತು ವರ್ಷದಲ್ಲಿ 65-66ಕ್ಕೆ ಒರಗಿತು, ಕಡಿದಾದ ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿಂದ ಹಾರುವ ಭಯ ಅಷ್ಟರಮಟ್ಟಿಗೆ ಕಡಿಮೆಯಾಯಿತು ಎಂದು ನಿಮಗೆ ವಿವರಿಸುತ್ತಾನೆ, ತಾನು ಮಾತ್ರ 69 ಡಿಗ್ರಿಯದ್ದರಲ್ಲೇ ಎಲ್ಲರಿಗಿಂತ ಮುಂಚೆ ಕೆಳಗಿರುತ್ತಾನೆ. ಮಾರುವವರು ಮೂಲ ರಸೀದಿ ತೋರಿಸಿದರೂ ನಂಬುವುದಿಲ್ಲ. ಫ್ರೇಮಿನ ವಾರಂಟಿ ಸಾಮಾನ್ಯವಾಗಿ ಮೊದಲು ಕೊಂಡವನಿಗೆ ಮಾತ್ರ, ರಸೀದಿ ನಿಮಗೆ ಕಳವಿನ ಮಾಲಲ್ಲ ಎನ್ನುವುದಕ್ಕಷ್ಟೇ ಆಧಾರ, ಅದಕ್ಕೂ ಅಡಿಯ ಸೀರಿಯಲ್ ನಂಬರ್ ತಾಳೆಯಾಗಬೇಕು ಎನ್ನುತ್ತಾನೆ. ಯಾವತ್ತೂ ಒಂದು ರೂಪಾಯಿ ಮುಟ್ಟಿದವನಲ್ಲ. ಇದೇ ದೊಡ್ಡ ತೊಂದರೆ. ಫೀಸು ತೆಗೆದುಕೊಳ್ಳುವವನಾದರೆ ಜಗಳವಾದರೂ ಆಡಬಹುದಿತ್ತು.

ಹತ್ತಿಯ ವಿಷಯ. ಕಾಲೇಜು ಹುಡುಗನೊಬ್ಬ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಒಂದು ಫ್ರೇಮ್ ಕೊಳ್ಳಲು ಹೊರಟಿದ್ದ. ಮುಂದಿನ ಕೊಳವೆಗೆ ಕೆಳಗಿನ ಕೊಳವೆ ಬೆಸೆದ ಕಡೆ, ವೆಲ್ಡಿಂಗಿನ ಪಕ್ಕದಲ್ಲಿ ಕೂದಲೆಳೆಯಷ್ಟು ಗೆರೆ. ಮಾರುವವರು ಬಣ್ಣದ ಗೀರು ಎಂದರು. ನಮಗೂ ಹಾಗೇ ಕಂಡಿತು. ಫ್ರೇಮಣ್ಣ ಆ ಜಾಗವನ್ನು ತೊಳೆದು ಒಣಗಿಸಿ ಹತ್ತಿಯನ್ನು ಅದರ ಮೇಲೆ ಹಗುರವಾಗಿ ಎಳೆದ. ಎರಡು ಎಳೆ ಗೆರೆಯೊಳಗೆ ಸಿಕ್ಕಿ ನಿಂತವು. ಬರೀ ಬಣ್ಣ ಹೋಗಿದ್ದರೆ ಹತ್ತಿ ಜಾರಿಕೊಂಡು ಹೋಗಬೇಕಿತ್ತು. ಆ ಜಾಗ ಇಳಿಜಾರಿನಲ್ಲಿ ಬಿಟ್ಟುಕೊಂಡರೆ ಮೊದಲು ನೆಲ ಮುಟ್ಟುವುದು ಸವಾರನ ಮುಖ. ಹುಡುಗ ಬೇಡವೆಂದ, ಸರಿ. ಆದರೆ ಫ್ರೇಮಣ್ಣ ಹೊರಡಲಿಲ್ಲ. ಇನ್ಯಾರೋ ಬಂದು ಕೊಳ್ಳುತ್ತಾರಲ್ಲ ಎಂದು ಚೌಕಾಸಿ ಮಾಡಿ, ತಾನೇ ದುಡ್ಡು ಕೊಟ್ಟು ಅದನ್ನು ಕೊಂಡು, ಹ್ಯಾಕ್ಸಾ ತರಿಸಿ ಅಲ್ಲೇ ಎರಡು ತುಂಡು ಮಾಡಿದ. ನನಗೆ ತಿಳಿದಂತೆ ಫ್ರೇಮಣ್ಣ ಕೊಂಡ ಒಂದೇ ಫ್ರೇಮ್ ಅದು.

ಆವತ್ತು ವಾಪಸು ಬರುವಾಗ ಅವನ ಮನೆಗೆ ಹೋಗಿದ್ದೆ. ಉತ್ತರಹಳ್ಳಿಯ ಕಡೆ ಮಹಡಿ ಮೇಲಿನ ಮನೆ. ಬಾಲ್ಕನಿಯ ಗೋಡೆಗೆ ಒಂದು ಫುಲ್ ಸಸ್ಪೆನ್ಷನ್ ಫ್ರೇಮ್ ನೇತುಹಾಕಿತ್ತು. 26 ಇಂಚಿನ ಕಾಲದ್ದು. ಧೂಳಿಲ್ಲ, ತುಕ್ಕಿಲ್ಲ, ಕೀಲುಗಳೆಲ್ಲ ಬೆಣ್ಣೆ. ಎಡಗಡೆಯ ಚೈನ್‌ಸ್ಟೇ ಮಾತ್ರ ಬೆಸುಗೆಯ ಪಕ್ಕ ಸೀಳಿತ್ತು. ಅದೊಂದು ಭಾಗ ಸಿಕ್ಕರೆ ಮತ್ತೆ ಓಡುತ್ತದೆ. ಮಾಡಿದವರು 26 ಇಂಚಿನದ್ದನ್ನು ನಿಲ್ಲಿಸಿ ವರ್ಷಗಳಾಗಿವೆ, ಬಿಡಿಭಾಗವನ್ನೂ ನಿಲ್ಲಿಸಿದ್ದಾರೆ. 29ಕ್ಕೆ ಹೋಗಿ ಎಂದರಂತೆ. ಅಲ್ಯುಮಿನಿಯಂ ಆದ್ದರಿಂದ ಮೂಲೆಯಂಗಡಿಯಲ್ಲಿ ಬೆಸುಗೆ ಹಾಕಿಸಿದರೆ ನಿಲ್ಲುವುದಿಲ್ಲ. ಶಾಖ ತಿಂದ ಜಾಗ ಮೆತ್ತಗಾಗುತ್ತದೆ. ಅಂದಿನಿಂದ ಹಿಂದೆ ಶಾಕಿಲ್ಲದ ಹಳೇ ಸೈಕಲ್ಲನ್ನೇ ತುಳಿಯುತ್ತಿದ್ದಾನೆ.

ಪರೀಕ್ಷೆಯೆಲ್ಲ ಮುಗಿದು ನಾವು ಮೆಟ್ಟಿಲು ಇಳಿಯುವಾಗ ಇವನು ಹಿಂದೆ ಉಳಿದು ಮಾರುವವರ ಹತ್ತಿರ ಮೆಲ್ಲಗೆ ಏನೋ ಕೇಳುವುದನ್ನು ಹಲವು ಸಲ ಕಂಡಿದ್ದೆ. ಕಮಿಷನ್ ವ್ಯವಹಾರವಿರಬಹುದು ಎಂದುಕೊಂಡಿದ್ದೆ. ಈಗ ಗೊತ್ತು. ಊರಿನಲ್ಲಿ ಹಳೇ ಫ್ರೇಮ್ ಇಟ್ಟುಕೊಂಡವರ ಮನೆಬಾಗಿಲಿಗೆಲ್ಲ ನಮ್ಮ ನೆಪದಲ್ಲಿ ಹೋಗಿ ಅವನು ಕೇಳುತ್ತಿದ್ದದ್ದು ಆ ಒಂದು ಎಡಗಡೆ ತುಂಡನ್ನು.

ನಾನಿನ್ನೂ ಫ್ರೇಮ್ ಕೊಂಡಿಲ್ಲ. ಒಂದು ಸಲ ಅವನಿಗೆ ಹೇಳದೆ ಹೋಗಿ ನೋಡಿ ಬಂದೆ. ಹಸಿರಲ್ಲ, ಕೆಂಪು. ಮಾರುವವರು ಕಾಫಿ ಕೊಟ್ಟರು, ನಗುನಗುತ್ತ ಮಾತಾಡಿದರು, ಏನನ್ನೂ ಬಿಚ್ಚಬೇಕಾಗಲಿಲ್ಲ, ಯಾರೂ ನನ್ನ ತೂಕ ಕೇಳಲಿಲ್ಲ. ಜೇಬಿನಲ್ಲಿ ದುಡ್ಡಿತ್ತು. ಆದರೂ ಕೈ ತಾನಾಗಿ ಸೀಟ್ ಪೋಸ್ಟಿನ ಹತ್ತಿರ ಹೋಯಿತು. ಕದಲಲಿಲ್ಲ. ಥ್ಯಾಂಕ್ಸ್ ಹೇಳಿ ಬಂದುಬಿಟ್ಟೆ.

ಓದುಗರಲ್ಲಿ ಒಂದು ಮನವಿ. ನಿಮ್ಮ ಮನೆಯ ಅಟ್ಟದಲ್ಲೋ, ಅಮೆರಿಕದಿಂದ ವಾಪಸು ಬಂದ ಭಾವಮೈದುನನ ಗ್ಯಾರೇಜಿನಲ್ಲೋ 26 ಇಂಚಿನ ಚಕ್ರದ, ಹಿಂದಿನ ಹಬ್ 135 ಮಿಲಿಮೀಟರ್ ಇರುವ ಹಳೇ ಫುಲ್ ಸಸ್ಪೆನ್ಷನ್ ಫ್ರೇಮ್ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಮುಂಭಾಗ ಜಜ್ಜಿದ್ದರೂ ಚಿಂತೆಯಿಲ್ಲ, ಎಡಗಡೆ ನೆಟ್ಟಗಿದ್ದರೆ ಸಾಕು. ಭಾನುವಾರ ಖಾಲಿ ಇಟ್ಟುಕೊಳ್ಳಿ, ಒಂದು ಗಂಟೆಯಲ್ಲಿ ಮುಗಿಯುವ ಕೆಲಸವಲ್ಲ. ಮತ್ತೆ, ಆಫೀಸಿಗೆ ಹೋಗಲು ಮಾತ್ರ ಬಳಸಿದ್ದೆ ಎಂದು ಅವನ ಹತ್ತಿರ ಹೇಳಬೇಡಿ.