ಐವತ್ತರ ನೋಟಿನ ನೀಲಿ ತೇರು

ಜೇಬಿನಲ್ಲಿ ಐವತ್ತರ ಹೊಸ ನೋಟಿದ್ದರೆ ಹೊರಳಿಸಿ ನೋಡಿ. ನಮ್ಮ ಹಂಪಿಯ ಕಲ್ಲಿನ ತೇರು ನೀಲಿಯಾಗಿ ನಿಂತಿದೆ! 2017ರಲ್ಲಿ ರಿಸರ್ವ್ ಬ್ಯಾಂಕಿನವರು ಈ ನೋಟು ತಂದಾಗ ಬಣ್ಣದ ಹೆಸರನ್ನೂ ‘ಫ್ಲೋರೊಸೆಂಟ್ ನೀಲಿ’ ಅಂತ ಹೇಳಿಯೇ ತಂದರು. ಗಾದಿಗನೂರಿನಿಂದ ಹೊಸಪೇಟೆ ಬಸ್ಸು ಹತ್ತಿ, ಅಲ್ಲಿಂದ ಹಂಪಿಗೆ ಹೋಗಿ, ವಿಠ್ಠಲನ ಅಂಗಳದಲ್ಲಿ ನಿಂತು “ತೇರಿನ ನೀಲಿ ಎಲ್ಲಿ ಹೋತು?” ಅಂತ ಜಗಳ ತೆಗೆದವರನ್ನು ನಾನಂತೂ ಕಂಡಿಲ್ಲ. ಅದೇ ಜನ ಮದುವೆ ಆಲ್ಬಮ್ಮಿನಲ್ಲಿ ಧಾರೆ ಸೀರೆ ಒಂದೆಳೆ ಕಂದಿದ್ದರೆ ಸ್ಟುಡಿಯೋದವನನ್ನು ಸುಮ್ಮನೆ ಬಿಟ್ಟದ್ದನ್ನೂ ಕಂಡಿಲ್ಲ.

“ಏನೋ ತಮ್ಮಾ, ನಮ್ ಹುಡುಗಿ ಇಷ್ಟು ಕಪ್ಪಗ ಅದಾಳೇನು?”

“ಇಲ್ಲಬೇ ಯಕ್ಕಾ, ನನ್ ಕಂಪ್ಯೂಟರ್‌ನಾಗ ಚೊಲೊ ಕಾಣ್ತಿತ್ತು. ಲ್ಯಾಬಿನವ್ರು ಕೆಡ್ಸ್ಯಾರ.”

ಈಗ ಮನೆಯ ಮೂಲೆಯಲ್ಲೇ ಮೇಜು ಹಾಕಿಕೊಂಡು ಆಲ್ಬಮ್, ಫ್ಲೆಕ್ಸು ಡಿಸೈನ್ ಮಾಡುವ ಹುಡುಗರು ಊರೂರಿಗೂ ಇದ್ದಾರೆ. ಅವರ ಬಾಯಲ್ಲೆಲ್ಲ ಇದೇ ಮಾತು. ಪಾಪದ ಲ್ಯಾಬಿನವರ ಪರವಾಗಿ ನಾನೊಂದು ವಕಾಲತ್ತು ಹಾಕುತ್ತೇನೆ. ಅಪರಾಧಿ ಬಹುಪಾಲು ಸಲ ಆ ಮೇಜಿನ ಮೇಲೆಯೇ ಕೂತಿರುತ್ತದೆ. ಮಾನಿಟರು ಅಂಗಡಿಯಿಂದ ಬರುವಾಗಲೇ ಕಣ್ಣು ಕೋರೈಸುವಷ್ಟು ಬೆಳಕು ಹೊತ್ತು ಬಂದಿರುತ್ತದೆ, ಪಕ್ಕದ ಮಾನಿಟರಿಗಿಂತ ಚೆಂದ ಕಂಡು ಮಾರಾಟವಾಗಬೇಕಲ್ಲ! ಹುಡುಗ ಅದನ್ನು ಹಾಗೇ ಇಟ್ಟುಕೊಂಡು ಕೂರುತ್ತಾನೆ. ಫೋಟೊ ಅತಿ ಬೆಳ್ಳಗೆ ಕಾಣುತ್ತದೆ, ಒಂಚೂರು ಇಳಿಸುತ್ತಾನೆ, ಇನ್ನೊಂಚೂರು ಇಳಿಸುತ್ತಾನೆ. ಕಾಗದದ ಹಿಂದೆ ದೀಪ ಉರಿಯುವುದಿಲ್ಲವಲ್ಲ, ಪ್ರಿಂಟು ಕತ್ತಲಾಗಿ ಬರುತ್ತದೆ. ಹುಡುಗಿ ಕಪ್ಪಾದದ್ದು ಹೀಗೆ.

“ನನ್ ಕಣ್ಣೇನು ಸುಳ್ಳು ಹೇಳ್ತಾವೇನ್ರೀ?” ಅಂತೀರಾ? ಹೇಳ್ತಾವ್ರೀ. ಅದಿರು ಲಾರಿ ಓಡಾಡುವ ನಮ್ಮ ಸೀಮೆಯಲ್ಲಿ ಸುಣ್ಣ ಬಳಿದ ಗೋಡೆ ಬರಬರುತ್ತಾ ಕೆಂಪಡರುತ್ತದೆ. ಮನೆಯವರಿಗೆ ಅದು ಇವತ್ತಿಗೂ ಬಿಳಿ ಗೋಡೆಯೇ. ಬಂದ ನೆಂಟರು ಹೇಳಿದರೆ ಸಿಟ್ಟು. ಎದುರಿಗಿರುವ ಬಿಳಿಯನ್ನೇ ಬಿಳಿ ಅಂತ ಒಪ್ಪಿಕೊಂಡುಬಿಡುವುದು ಕಣ್ಣಿನ ಜಾಯಮಾನ. ಪರದೆ ನೀಲಿಗೆ ತಿರುಗಿರಲಿ, ಹಳದಿಗೆ ತಿರುಗಿರಲಿ, ಸ್ವಲ್ಪ ಹೊತ್ತು ಕೂತರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಈ ವ್ಯಾಜ್ಯದಲ್ಲಿ ಕಣ್ಣನ್ನು ಸಾಕ್ಷಿ ಮಾಡಬಹುದೇ ಹೊರತು ಜಡ್ಜ್ ಮಾಡುವಂತಿಲ್ಲ.

ಜಡ್ಜ್ ಅಂದರೆ ಕಲರಿಮೀಟರ್. ಇಲಿ ಗಾತ್ರದ್ದು, ನಾನು ಹೇಳಿದ್ದು ಕಂಪ್ಯೂಟರಿನ ಇಲಿ. ಪರದೆಗೆ ಆತುಕೊಂಡು ನೇತಾಡುತ್ತದೆ. ಸಾಫ್ಟ್‌ವೇರು ಒಂದೊಂದೇ ಬಣ್ಣದ ಚೌಕ ತೋರಿಸುತ್ತದೆ, ಇದು ಅಳೆಯುತ್ತದೆ. ತೋರಿಸಬೇಕಾದದ್ದಕ್ಕೂ ತೋರಿಸಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಲೆಕ್ಕ ಬರೆದು ಪ್ರೊಫೈಲ್ ಅನ್ನುವ ಫೈಲು ಮಾಡಿಕೊಡುತ್ತದೆ. ಬಿಳಿಗೆ 6500 ಕೆಲ್ವಿನ್, ಗಾಮಾ 2.2, ಬೆಳಕು ಚದರ ಮೀಟರಿಗೆ 120 ಕ್ಯಾಂಡೆಲಾದ ಆಸುಪಾಸು: ರೂಢಿಯ ಗುರಿ ಇಷ್ಟೇ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್‌ನವರು 1996ರಲ್ಲಿ ಕೂಡಿ ಮಾಡಿದ ಎಸ್‌ಆರ್‌ಜಿಬಿ ಅನ್ನುವ ಬಣ್ಣದ ಅಳತೆಯಲ್ಲೇ ಫೈಲು ಕಳಿಸಿ ಅಂತ ಫೋಟೊ ಲ್ಯಾಬಿನವರು ಸಾಮಾನ್ಯವಾಗಿ ಕೇಳುವುದು. ಡಿಸ್‌ಪ್ಲೇಕ್ಯಾಲ್ ಅನ್ನುವ ಸಾಫ್ಟ್‌ವೇರು ಪುಕ್ಕಟೆ. ಯಂತ್ರ ಪುಕ್ಕಟೆಯಲ್ಲ, ಬೆಲೆ ಕೇಳಿದರೆ ಇನ್ನೊಂದು ಮಾನಿಟರೇ ಕೊಳ್ಳೋಣ ಅನ್ನಿಸುತ್ತದೆ. ಓಣಿಗೊಂದು ಟ್ರ್ಯಾಕ್ಟರ್ ಇದ್ದಂತೆ ನಾಲ್ಕು ಸ್ಟುಡಿಯೋದವರು ಕೂಡಿ ಒಂದು ಇಟ್ಟುಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ನಾಲ್ಕು ಸ್ಟುಡಿಯೋದವರು ಕೂಡುವುದು ಬಣ್ಣ ಕೂಡಿಸುವುದಕ್ಕಿಂತ ಕಷ್ಟ, ಆ ಮಾತು ಬ್ಯಾರೆ.

ದುಡ್ಡಿಲ್ಲದವರಿಗೂ ದಾರಿ ಇದೆ. ಮಾನಿಟರಿನ ಮೆನುವಿನಲ್ಲಿ ‘ವಿವಿಡ್’ ತೆಗೆದು ಎಸ್‌ಆರ್‌ಜಿಬಿ ಇಡಿ. ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್ ಆಫ್ ಮಾಡಿ. ಪರದೆ ಹಚ್ಚಿ ಅರ್ಧ ತಾಸು ಕಾಯಲು ಬಿಡಿ, ಅಷ್ಟರಲ್ಲಿ ಒಂದು ಒಗ್ಗರಣೆ ಮಂಡಕ್ಕಿ, ಮಿರ್ಚಿ ಆಗುತ್ತದೆ. ಕಿಟಕಿಯ ಬಿಸಿಲು ಪರದೆಗೆ ಬೀಳಬಾರದು. ಗಿಣಿಹಸಿರು ಗೋಡೆ, ಕೆಂಪು ಅಂಗಿ ಎರಡೂ ಪರದೆಯಲ್ಲಿ ಇಣುಕುತ್ತವೆ. ಆಮೇಲೆ ಲ್ಯಾಬಿನಿಂದ ಒಂದೇ ಒಂದು ಪ್ರಿಂಟು ಹಾಕಿಸಿ ತಂದು, ಒಳ್ಳೇ ಬೆಳಕಿನಲ್ಲಿ ಹಿಡಿದು, ಪರದೆ ಅದಕ್ಕೆ ಹತ್ತಿರ ಬರುವವರೆಗೆ ಬ್ರೈಟ್‌ನೆಸ್ ಇಳಿಸಿ. ಆಲ್ಬಮ್ಮಿನ ಜಗಳ ಅರ್ಧ ಅಲ್ಲೇ ಮುಗಿಯುತ್ತದೆ.

ಪೂರ್ತಿ ಮುಗಿಯುವುದಿಲ್ಲ ಮತ್ತೆ! ನೀವು ಸರಿಮಾಡಿದ್ದು ನಿಮ್ಮ ಪರದೆ, ಬೀಗರ ಮೊಬೈಲಲ್ಲ. ಹಳದಿ ಫಿಲ್ಟರ್ ಹಾಕಿಕೊಂಡು ರಾತ್ರಿ ವಾಟ್ಸಾಪ್ ನೋಡುವವರ ಪಾಲಿಗೆ ಹುಡುಗಿ ವರ್ಷವೆಲ್ಲಾ ಅರಿಶಿಣ ಶಾಸ್ತ್ರಕ್ಕೇ ಕೂತಿರುತ್ತಾಳೆ. ಬಟ್ಟೆಯ ಕತೆಯೂ ಇದೇ. ಸಂಡೂರಿನ ಲಂಬಾಣಿ ಕಸೂತಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದದ್ದು. ಅದರ ಕೆಂಪು ಬಟ್ಟೆಯನ್ನು ಫೋನಿನಲ್ಲಿ ನೋಡಿ ತರಿಸಿಕೊಂಡು “ಬಣ್ಣ ಬ್ಯಾರೆ ಬಂತು” ಅಂದರೆ ಹೊಲಿದ ತಾಯಿ ಏನು ಮಾಡಬೇಕು? ಕೆಲವು ಕಡುಬಣ್ಣಗಳು ಸಾಧಾರಣ ಪರದೆಗೆ ಎಟುಕುವುದೇ ಇಲ್ಲ. ಇನ್ನು ಅದರಲ್ಲಿ ಕೂರಿಸಿದ ಕನ್ನಡಿ ಚೂರಿಗೆ ಯಾವ ಪ್ರೊಫೈಲ್ ಹಾಕುತ್ತೀರಿ?

“ಅವೆಲ್ಲ ಬ್ಯಾಡಪಾ, ಹುಡುಗಿನ್ನ ಒಂಚೂರು ಬೆಳ್ಳಗ ಮಾಡು” ಅಂತ ಯಕ್ಕ ಕೇಳಿದರೆ ಅದಕ್ಕೆ ಕಲರಿಮೀಟರಿನ ಹತ್ತಿರ ಔಷಧವಿಲ್ಲ. ನನ್ನ ಕೇಳಿದರೆ ಹುಡುಗಿ ಇದ್ದಹಾಗೆಯೇ ಚೆಂದ. ಮಾಡಲೇಬೇಕೆಂದರೂ ಎಷ್ಟು ಸುಳ್ಳು ಬೆರೆಸುತ್ತಿದ್ದೀರಿ ಅನ್ನುವುದು ನಿಮಗಾದರೂ ಗೊತ್ತಿರಲಿ. ಲಗ್ನದ ಸೀಸನ್ನಿಗೆ ಮೊದಲು ಆ ಬ್ರೈಟ್‌ನೆಸ್ ಒಂದು ಇಳಿಸ್ರಪ್ಪಾ. ಲ್ಯಾಬಿನವರನ್ನ ಆಮೇಲೆ ಬೈಯೋಣಂತ.