ಮನಿಪ್ಲಾಂಟ್ ಸ್ಥಾನನಿರ್ಣಯ ಮೀಮಾಂಸೆ

ಮನಿಪ್ಲಾಂಟನ್ನು ಮನೆಯಲ್ಲಿ ಎಲ್ಲಿಡಬೇಕು ಎಂಬ ವಿಷಯದಲ್ಲಿ ಪೂರ್ವಸೂರಿಗಳು ಮೂರು ಪಂಥವಾಗಿದ್ದಾರೆ. ಮೂರನ್ನೂ ಖಂಡಿಸುವುದೇ ಈ ಪ್ರಬಂಧದ ವಿನಮ್ರ ಉದ್ದೇಶ.

ಮೊದಲನೆಯದು ಆಗ್ನೇಯ ಪಂಥ. ಬಳ್ಳಿ ಆಗ್ನೇಯದಲ್ಲಿದ್ದರೆ ಧನಲಾಭ, ಈಶಾನ್ಯದಲ್ಲಿದ್ದರೆ ಧನನಷ್ಟ ಎನ್ನುತ್ತಾರೆ ವಾಸ್ತುಪಂಡಿತರು. ತೊಡಕೇನೆಂದರೆ, ಅದೇ ಮೂಲೆಯನ್ನು ಅಗ್ನಿಮೂಲೆಯೆಂದು ಅವರು ಅಡುಗೆಮನೆಗೂ ಬರೆದುಕೊಟ್ಟಿದ್ದಾರೆ. ಹೀಗಾಗಿ ಶಾಸ್ತ್ರೋಕ್ತವಾದ ಮನೆಯಲ್ಲಿ ಧನಲಕ್ಷ್ಮಿ ಗ್ಯಾಸ್ ಒಲೆಯ ಪಕ್ಕ ಕೂತು ಒಗ್ಗರಣೆಯ ಘಾಟು ಕುಡಿಯುತ್ತಾಳೆ. ಅಲ್ಲದೆ ಬಳ್ಳಿಯ ತವರು ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಅಲ್ಲಿ ಅದು ದಿಕ್ಸೂಚಿ ನೋಡಿ ಮರ ಹತ್ತುತ್ತಿತ್ತೆಂಬುದಕ್ಕೆ ಶಾಸನಾಧಾರವಿಲ್ಲ.

ಎರಡನೆಯದು ಫ್ರಿಜ್ ಪಂಥ. ಹಾರ್ಲಿಕ್ಸ್ ಬಾಟಲಿ, ಕಾಲು ಭಾಗ ನೀರು, ಅಡಿಗೆ ಕ್ರೋಶಾ ಬಟ್ಟೆ ಇದರ ಲಕ್ಷಣಗಳು. "ಹಾಲ್ ತುಂಬ ಬೆಳಕಿದೆಯಲ್ಲ" ಎಂಬುದು ಇವರ ವಾದ. ಅದು ಕಣ್ಣಿನ ಮೋಸ. ನಡುಹಗಲ ಬಯಲಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಬೆಳಕಿದ್ದರೆ, ಕಿಟಕಿಯಿಂದ ದೂರದ ಫ್ರಿಜ್ಜಿನ ತಲೆಯ ಮೇಲೆ ಕೆಲವು ನೂರು ಸಿಕ್ಕರೆ ಪುಣ್ಯ. ಕಣ್ಣಿನ ಪಾಪೆ ಹಿಗ್ಗಿ ಲೆಕ್ಕವನ್ನು ಒಂದಿಷ್ಟು ಸರಿದೂಗಿಸಿಕೊಳ್ಳುತ್ತದೆ; ಎಲೆಗೆ ಪಾಪೆಯಿಲ್ಲ. ಅದು ಹಳದಿ ಮಚ್ಚೆ ಕಳೆದುಕೊಂಡು, ಗೆಣ್ಣಿನಿಂದ ಗೆಣ್ಣಿಗೆ ಗೇಣುದ್ದ ಚಾಚಿ, ಕಿಟಕಿಯತ್ತ ಹೊರಡುತ್ತದೆ. ಮನೆಯವರು ಅದನ್ನು ಬೆಳವಣಿಗೆಯೆಂದು ತಿಳಿದು ಫೋಟೊ ತೆಗೆಯುತ್ತಾರೆ.

ಮೂರನೆಯದು ನಾಸಾ ಪಂಥ. ಗಿಡ ಎಲ್ಲಿದ್ದರೂ ಗಾಳಿ ಶುದ್ಧಿ ಮಾಡುತ್ತದೆಂಬ ಇವರ ವಾದಕ್ಕೆ ಶ್ರುತಿ 1989ರ ನಾಸಾ ಪ್ರಯೋಗ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಪೆಟ್ಟಿಗೆಯಲ್ಲಿ. ಗಾಳಿಯಾಡುವ ಕಟ್ಟಡ ತಾನಾಗಿ ಮಾಡಿಕೊಳ್ಳುವಷ್ಟು ಶುದ್ಧಿಗೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕೆಂದು 2019ರ ವಿಮರ್ಶೆಯೊಂದು ಲೆಕ್ಕ ಹಾಕಿತು. ಹಾಗೆ ಇಟ್ಟರೆ ಮನೆಯವರನ್ನು ಎಲ್ಲಿಡಬೇಕೆಂದು ಇನ್ನೊಂದು ಪ್ರಬಂಧ ಬರೆಯಬೇಕಾದೀತು.

ಇನ್ನು ದಕ್ಷಿಣದ ಕಿಟಕಿಯನ್ನೇ ಹೊಗಳುವ ಪರದೇಶಿ ಗ್ರಂಥಗಳು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಹಗಲ ನೆರಳು ಮಾಯವಾಗುತ್ತದೆ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ. ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಲಂಡನ್ನಿನ ಕಿಟಕಿಯ ನಿಯಮ ಬಸವನಗುಡಿಗೆ ಬಂದು ತಲೆಕೆಳಗಾಗುವುದು ಹೀಗೆ.

ಆದ್ದರಿಂದ ಪ್ರತ್ಯಕ್ಷವೇ ಪ್ರಮಾಣ. ಇಡಬೇಕೆಂದಿರುವ ಜಾಗದ ಮೇಲೆ ಒಂದಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ನೆರಳು ಚೂಪಾಗಿ ಬಿದ್ದರೆ ಎಲೆ ಸುಟ್ಟೀತು, ಬೀಳದೇ ಇದ್ದರೆ ಗಿಡ ಸೊರಗೀತು, ಮಸುಕಾಗಿ ಬಿದ್ದರೆ ಅದೇ ಸ್ಥಾನ. (ಬೆಕ್ಕಿಗೂ ಅಂಬೆಗಾಲಿನ ಮಗುವಿಗೂ ಎಟುಕಬಾರದು; ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಬಾಯಿ ಉರಿಸುತ್ತವೆ.)

ಉಳಿದದ್ದು ಚೌರ್ಯಪ್ರಕರಣ. ಕದ್ದ ಮನಿಪ್ಲಾಂಟೇ ಚೆನ್ನಾಗಿ ಹಬ್ಬುತ್ತದೆ ಎಂಬ ಲೋಕರೂಢಿಯನ್ನು ವಿದ್ವಾಂಸರು ಹಗುರವಾಗಿ ಕಂಡಿದ್ದಾರೆ. ಕಳ್ಳರ ಕೈಗೆಟುಕುವುದು ಕಿಟಕಿಯ ಗ್ರಿಲ್ಲಿನ ಬಳ್ಳಿ ಮಾತ್ರ, ಬೆಳಕಿರುವುದೂ ಅಲ್ಲೇ; ಹೀಗಾಗಿ ಕಳುವಾಗುವುದು ಪುಷ್ಟವಾದ ಬಳ್ಳಿಯೇ. ಇದರ ಮೇಲೆ, ತುದಿ ಚಿವುಟಿದರೆ ಕೆಳಗಿನ ಗೆಣ್ಣುಗಳು ಕವಲೊಡೆದು ಕಳಕೊಂಡವರ ಕುಂಡವೇ ದಟ್ಟವಾಗುತ್ತದೆ. ಬರೀ ಎಲೆ ಕಿತ್ತ ಕಳ್ಳರಿಗೆ ಮಾತ್ರ ಏನೂ ದಕ್ಕದು, ಗೆಣ್ಣು ಬೇಕೇ ಬೇಕು. ಅವರಿಗೆ ಗೆಣ್ಣು ಗುರುತಿಸಲು ಕಲಿಸುವುದು ಗೃಹಸ್ಥಧರ್ಮವೇ ಎಂಬ ಬಗ್ಗೆ ಎದುರುಮನೆಯವರೊಂದಿಗೆ ಚರ್ಚೆ ನಡೆಯುತ್ತಿದೆ. ಅವರು ಪ್ರತಿ ಸಲವೂ ಕತ್ತರಿ ಹಿಡಿದೇ ಬರುತ್ತಾರೆ.